ಚೋಳಮಂಡಲ ತೀರದ ಕಡಲಾಮೆ ರಕ್ಷಕರು: ಒಂದು ಸ್ವಯಂಸೇವಾ ಪರಂಪರೆಯ ಚರಿತ್ರೆ

ಚರಿತ್ರೆಯ ಅಭ್ಯಾಸಿಗಳಾದ ನಾವು ಸಂಸ್ಥೆಗಳ ಇತಿಹಾಸವನ್ನು ಬರೆಯಹೊರಟಾಗ ಸಾಮಾನ್ಯವಾಗಿ ರಾಜ್ಯಾಡಳಿತ, ದೇವಾಲಯ, ಮಠ, ವರ್ತಕಶ್ರೇಣಿ ಮುಂತಾದುವುಗಳ ಕಡೆಗೆ ತಿರುಗುತ್ತೇವೆ. ಇವು ಶಾಸನಗಳನ್ನೂ ಕಡತಗಳನ್ನೂ ಬಿಟ್ಟುಹೋಗಿರುವುದೇ ಇದಕ್ಕೆ ಕಾರಣ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶದಲ್ಲಿ ಬೇರೊಂದು ಬಗೆಯ ಸಂಸ್ಥೆಗಳು ತಲೆಯೆತ್ತಿದುವು. ಲಾಭದ ಉದ್ದೇಶವಿಲ್ಲದೆ, ಬಹುಮಟ್ಟಿಗೆ ಸಂಬಳವೂ ಇಲ್ಲದೆ, ಕೆಲವೊಮ್ಮೆ ಸ್ವಂತ ಕಟ್ಟಡವೂ ಇಲ್ಲದೆ, ಒಂದು ಪ್ರಾಣಿಯನ್ನೋ ಒಂದು ಕಾಡನ್ನೋ ಉಳಿಸುವುದಕ್ಕಾಗಿ ಜನ ಕೂಡಿಕೊಂಡು ನಡೆಸಿದ ಸಂಘಗಳಿವು. ಇವುಗಳಲ್ಲಿ ಒಂದು ಪರಂಪರೆಯನ್ನು, ಎಂದರೆ ಮದರಾಸಿನ ಕಡಲತೀರದಲ್ಲಿ ಕಡಲಾಮೆಗಳ ರಕ್ಷಣೆಗಾಗಿ ಆರಂಭವಾಗಿ ಅಂಡಮಾನಿನವರೆಗೂ ಬೆಂಗಳೂರಿನವರೆಗೂ ಹಬ್ಬಿದ ಪರಂಪರೆಯನ್ನು, ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಆಮೆಗಳ ಜೀವಶಾಸ್ತ್ರ ನಮ್ಮ ಮುಖ್ಯ ವಿಷಯವಲ್ಲ. ಈ ಕೆಲಸವನ್ನು ಮಾಡಿದವರು ಯಾರು, ಅವರನ್ನು ಕೂಡಿಸಿದುದು ಯಾವುದು, ಅವರಲ್ಲಿ ಯಾರ ಹೆಸರು ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

೧. ಪೂರ್ವಸ್ಥಿತಿ

ಭಾರತದ ಸಮುದ್ರದಲ್ಲಿ ಐದು ಜಾತಿಯ ಕಡಲಾಮೆಗಳಿವೆ. ಇವುಗಳಲ್ಲಿ ಆಲಿವ್ ರಿಡ್ಲಿ ಎಂಬುದು ಅತ್ಯಂತ ಸಾಮಾನ್ಯವಾದುದು. ಹಸಿರು ಆಮೆ, ಗಿಡುಗನ ಕೊಕ್ಕಿನಂಥ ಬಾಯುಳ್ಳ ಹಾಕ್ಸ್‌ಬಿಲ್ ಆಮೆ, ಬೆನ್ನಿನ ಮೇಲೆ ಚಿಪ್ಪಿನ ಬದಲು ತೊಗಲುಳ್ಳ ಲೆದರ್‌ಬ್ಯಾಕ್ ಆಮೆ ಇವು ನಮ್ಮ ದ್ವೀಪಗಳಲ್ಲಿಯೂ ಕೆಲವು ತೀರಗಳಲ್ಲಿಯೂ ಮೊಟ್ಟೆಯಿಡುತ್ತವೆ. ಲಾಗರ್‌ಹೆಡ್ ಎಂಬುದು ವಿರಳ. ೧೯೬೦ರ ದಶಕದಲ್ಲಿ ಮನ್ನಾರ್ ಕೊಲ್ಲಿಯ ಸುತ್ತಮುತ್ತ ಹಸಿರು ಆಮೆಯ ಬೇಟೆ ವ್ಯವಸ್ಥಿತವಾದ ಕಸುಬಾಗಿದ್ದಿತು. ತಮಿಳುನಾಡಿನ ಆಗ್ನೇಯ ತೀರದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಾವಿರ ಆಮೆಗಳು ಹಿಡಿಯಲ್ಪಡುತ್ತಿದ್ದುವೆಂದು ಆ ಕಾಲದ ಮೀನುಗಾರಿಕಾ ತಜ್ಞರು ಅಂದಾಜು ಮಾಡಿದ್ದರು. ಉತ್ತರದ ತೀರಗಳಲ್ಲಿ ರಿಡ್ಲಿ ಆಮೆಯ ಮಾಂಸಕ್ಕಿಂತ ಮೊಟ್ಟೆಗೆ ಬೇಡಿಕೆ ಹೆಚ್ಚು. ಒರಿಸ್ಸದ ಗಹಿರ್ಮಾಥಾದಲ್ಲಿ ಆಮೆಗಳು ಲಕ್ಷಗಟ್ಟಲೆಯಾಗಿ ಏಕಕಾಲದಲ್ಲಿ ದಡವೇರಿ ಮೊಟ್ಟೆಯಿಡುವ ಸಂಗತಿ ವಿದ್ವತ್‌ಪ್ರಪಂಚಕ್ಕೆ ತಿಳಿದುಬಂದುದು ೧೯೭೪ರಲ್ಲಿ, ಎಚ್. ಆರ್. ಬಸ್ಟರ್ಡ್ ಎಂಬ ತಜ್ಞನ ವರದಿಯಿಂದ. ಆದರೆ ಅಲ್ಲಿಂದ ದೋಣಿಗಟ್ಟಲೆ ಮೊಟ್ಟೆ ತುಂಬಿ ಸಾಗಿಸುತ್ತಿದ್ದವರಿಗೂ, ಅದಕ್ಕೆ ಪರವಾನಗಿ ಕೊಟ್ಟು ಹಣ ಪಡೆಯುತ್ತಿದ್ದ ಸರ್ಕಾರದವರಿಗೂ ಆ ಸಂಗತಿ ಅದಕ್ಕೆ ಬಹಳ ಮುಂಚೆಯೇ ತಿಳಿದಿದ್ದಿತು. 'ಕಂಡುಹಿಡಿದರು' ಎಂಬ ಮಾತನ್ನು ಚರಿತ್ರಕಾರರು ಎಷ್ಟು ಎಚ್ಚರದಿಂದ ಬಳಸಬೇಕೆಂಬುದಕ್ಕೆ ಇದೊಂದು ನಿದರ್ಶನ.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನ ಜಾರಿಗೆ ಬಂದಿತು. ೧೯೭೬ರಲ್ಲಿ ಭಾರತ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ೧೯೭೭ರಲ್ಲಿ ಕಡಲಾಮೆಗಳೆಲ್ಲ ಶಾಸನದ ಮೊದಲನೆಯ ಅನುಸೂಚಿಗೆ ಸೇರಿದುವು. ಹೀಗೆ ಕಾಗದದ ಮೇಲೆ ಆಮೆಗೆ ಹುಲಿಯ ಸಮಾನವಾದ ರಕ್ಷಣೆ ದೊರೆಯಿತು. ಆದರೆ ಎಂಟು ಸಾವಿರ ಕಿಲೋಮೀಟರುಗಳಷ್ಟು ಉದ್ದದ ಕರಾವಳಿಯಲ್ಲಿ ರಾತ್ರಿಯ ಹೊತ್ತು ಎಲ್ಲೆಲ್ಲಿ ಆಮೆ ದಡಕ್ಕೆ ಬರುತ್ತದೆಂಬುದನ್ನು ತಿಳಿದ ಅಧಿಕಾರಿ ಒಬ್ಬನೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಶಾಸನಕ್ಕೂ ಮರಳಿಗೂ ನಡುವಣ ಈ ಅಂತರವನ್ನು ತುಂಬಿದವರೇ ನಮ್ಮ ಲೇಖನದ ಪಾತ್ರಗಳು.

೨. ಹಾವಿನ ತೋಟದಿಂದ ಕಡಲತೀರಕ್ಕೆ

ಈ ಪರಂಪರೆಯ ಮೂಲ ಒಂದು ಹಾವಿನ ತೋಟದಲ್ಲಿದೆ ಎಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ರಾಮುಲಸ್ ವಿಟೇಕರ್ ಅವರು ಸ್ಥಾಪಿಸಿದ ಮದರಾಸು ಹಾವಿನ ಉದ್ಯಾನ ೧೯೭೦ರ ದಶಕದ ಆರಂಭದಲ್ಲಿ ಗಿಂಡಿಯಲ್ಲಿ ನೆಲೆಗೊಂಡಿತು. ಸರೀಸೃಪಗಳ ವಿಷಯದಲ್ಲಿ ಆಸಕ್ತರಾದ ತರುಣರು ಅಲ್ಲಿ ನೆರೆಯುತ್ತಿದ್ದರು. ಗಿಂಡಿಗೆ ಕಡಲು ದೂರವಲ್ಲ. ನಗರದ ದಕ್ಷಿಣದ ದಡದಲ್ಲಿ ರಿಡ್ಲಿ ಆಮೆಗಳು ಮೊಟ್ಟೆಯಿಡುವುದನ್ನೂ, ಆ ಮೊಟ್ಟೆಗಳು ನಾಯಿನರಿಗಳ ಪಾಲೋ ಮಾರುಕಟ್ಟೆಯ ಪಾಲೋ ಆಗುವುದನ್ನೂ ಕಂಡ ಈ ತರುಣರು ರಾತ್ರಿಯ ವೇಳೆ ದಡದುದ್ದಕ್ಕೂ ನಡೆಯತೊಡಗಿದರು. ಮೊಟ್ಟೆಗಳನ್ನು ತಂದು ಬೇಲಿ ಕಟ್ಟಿದ ಮರಳಂಗಳದಲ್ಲಿ ಹೂಳುವ ಪದ್ಧತಿ ೧೯೭೪ರ ಹೊತ್ತಿಗೆ ಬಳಕೆಗೆ ಬಂದಿದ್ದಿತು. ಹ್ಯಾಚರಿ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಏಕೆಂದರೆ ಕೆಲಸ ಎಂಥದೆಂಬುದನ್ನು ತಿಳಿಯದೆ ಕೆಲಸಗಾರರನ್ನು ಅರಿಯಲಾಗದು. ಜನವರಿಯಿಂದ ಮಾರ್ಚಿ ಏಪ್ರಿಲ್‌ವರೆಗೆ ಋತು. ದಡದ ಮೇಲೆ ಆಮೆ ತೆವಳಿದ ಜಾಡನ್ನು ಹುಡುಕುತ್ತ ನಡೆಯಬೇಕು. ದೀಪ ಹಚ್ಚಕೂಡದು, ಬೆಳಕಿಗೆ ಆಮೆ ಹೆದರಿ ಹಿಂದಿರುಗುತ್ತದೆ. ಜಾಡು ಸಿಕ್ಕಿದರೆ ಗುಂಡಿ ಎಲ್ಲಿದೆಯೆಂಬುದನ್ನು ಕೋಲಿನಿಂದ ಮರಳನ್ನು ಮೆಲ್ಲನೆ ಚುಚ್ಚಿ ತಿಳಿಯಬೇಕು. ಗಟ್ಟಿ ಮರಳಿನಲ್ಲಿ ನಿಲ್ಲುವ ಕೋಲು ಗುಂಡಿಯ ಮೇಲಿನ ಸಡಿಲ ಮರಳಿನಲ್ಲಿ ಸರ್ರನೆ ಇಳಿಯುತ್ತದೆ. ಒಂದೊಂದು ಗುಂಡಿಯಲ್ಲಿ ನೂರರಿಂದ ನೂರಿಪ್ಪತ್ತು ಮೊಟ್ಟೆಗಳಿರುವುದು ವಾಡಿಕೆ. ಅವನ್ನು ಕುಲುಕದೆ ಹೊತ್ತು ತಂದು, ಮೂಲದ ಗುಂಡಿಯಷ್ಟೇ ಆಳದ ಗುಂಡಿಯಲ್ಲಿ ಹೂಳಿ, ಹೆಚ್ಚು ಕಡಮೆ ಐವತ್ತು ದಿನ ಕಾದು, ಮರಿಗಳು ಹೊರಬಂದ ರಾತ್ರಿಯೇ ಕಡಲಿಗೆ ಬಿಡಬೇಕು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಾಡು ನೋಡುವುದು, ಕೋಲಿನಿಂದ ಚುಚ್ಚುವುದು, ಇವೆರಡೂ ಮೊಟ್ಟೆ ತೆಗೆಯುತ್ತಿದ್ದವರ ವಿದ್ಯೆ. ರಕ್ಷಕರು ಭಕ್ಷಕರ ಶಿಷ್ಯರಾಗಿಯೇ ತಮ್ಮ ಕಸುಬನ್ನು ಕಲಿಯಬೇಕಾಯಿತು.

ಹಾವಿನ ಉದ್ಯಾನದವರಿಗೆ ಈ ಬಗೆಯ ಶಿಷ್ಯವೃತ್ತಿ ಹೊಸದಾಗಿರಲಿಲ್ಲ. ಹಾವು ಹಿಡಿಯುವ ಇರುಳರೊಡನೆ ಅವರು ಮೊದಲಿನಿಂದಲೂ ಕೆಲಸಮಾಡುತ್ತಿದ್ದರು. ಹಾವಿನ ತೊಗಲಿನ ವ್ಯಾಪಾರ ನಿಂತು ಇರುಳರು ನಿರುದ್ಯೋಗಿಗಳಾದಾಗ, ಹಾವಿನ ವಿಷವನ್ನು ತೆಗೆದು ಔಷಧಕ್ಕಾಗಿ ಮಾರುವ ಸಹಕಾರ ಸಂಘ ೧೯೭೮ರಲ್ಲಿ ಸ್ಥಾಪಿತವಾಯಿತು. ನಿಷೇಧದಿಂದ ಜೀವನೋಪಾಯ ಕಳೆದುಕೊಂಡವರ ವಿದ್ಯೆಗೆ ಬೇರೊಂದು ಬಳಕೆಯನ್ನು ಒದಗಿಸಿದ ಈ ಏರ್ಪಾಡು ಗಮನಾರ್ಹವಾದುದು. ಕಡಲಾಮೆಯ ಬೇಟೆಯಿಂದ ಬಾಳುತ್ತಿದ್ದ ತೀರವಾಸಿಗಳ ಪಾಲಿಗೆ ಅಂಥ ಸಹಕಾರ ಸಂಘ ಹುಟ್ಟಲಿಲ್ಲ. ನಿಷೇಧ ಮಾತ್ರ ಬಂದಿತು. ಮುಂದಿನ ಮೂವತ್ತು ವರ್ಷಗಳ ವೈಮನಸ್ಯದ ಬೀಜ ಇಲ್ಲಿದೆಯೆಂದು ನಮಗೆ ತೋರುತ್ತದೆ.

೩. ನಡೆದು ನೋಡಿದವರು

ಹಾವಿನ ಉದ್ಯಾನದಲ್ಲಿ ಕ್ಷೇತ್ರಾಧಿಕಾರಿಯಾಗಿ ಸೇರಿದ ಸತೀಶ್ ಭಾಸ್ಕರ್ (೧೯೪೬-೨೦೨೩) ಈ ಚರಿತ್ರೆಯ ಪ್ರಮುಖ ವ್ಯಕ್ತಿ. ಮದರಾಸಿನ ಐ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇವರು ಆ ವ್ಯಾಸಂಗವನ್ನು ಮುಗಿಸದೆ ಕಡಲಿಗೆ ಮನಸೋತರು. ೧೯೭೭ರಲ್ಲಿ ಲಕ್ಷದ್ವೀಪದಿಂದ ಆರಂಭಿಸಿ ಮುಂದಿನ ಸುಮಾರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಕಚ್ಛದ ಕೊಲ್ಲಿ, ಕೇರಳ, ಅಂಡಮಾನ್ ಮತ್ತು ನಿಕೋಬಾರ್ ತೀರಗಳನ್ನೆಲ್ಲ ಕಾಲ್ನಡಿಗೆಯಿಂದ ಪರಿಶೀಲಿಸಿದರು. ಅವರು ನಡೆದ ದಾರಿ ನಾಲ್ಕು ಸಾವಿರ ಕಿಲೋಮೀಟರುಗಳಿಗೂ ಮೇಲ್ಪಟ್ಟಿತೆಂದು ಎಣಿಸಲಾಗಿದೆ. ೧೯೮೨ರಲ್ಲಿ ಲಕ್ಷದ್ವೀಪದ ಸುಹೇಲಿ ಎಂಬ ನಿರ್ಜನ ದ್ವೀಪದಲ್ಲಿ ಮಳೆಗಾಲವಿಡೀ, ಸುಮಾರು ಐದು ತಿಂಗಳು, ಒಬ್ಬರೇ ಇದ್ದು ಹಸಿರು ಆಮೆಗಳನ್ನು ಅಭ್ಯಾಸಮಾಡಿದರು. ಆ ಋತುವಿನಲ್ಲಿ ಯಾವ ದೋಣಿಯೂ ಅಲ್ಲಿಗೆ ಹೋಗುವಂತಿರಲಿಲ್ಲ. ಹೆಂಡತಿಗೆ ಬರೆದ ಕಾಗದವನ್ನು ಅವರು ಸೀಸೆಯಲ್ಲಿಟ್ಟು ಕಡಲಿಗೆ ಬಿಟ್ಟರು. ಇಪ್ಪತ್ತನಾಲ್ಕು ದಿನಗಳ ತರುವಾಯ ಅದು ಸಿಂಹಳದ ಮೀನುಗಾರನೊಬ್ಬನ ಕೈಸೇರಿ, ಆತನ ಸೌಜನ್ಯದಿಂದ ಅಂಚೆಯ ಮೂಲಕ ಮನೆಗೆ ತಲಪಿತು. ಈ ಕಥೆ ಬಹಳ ಪ್ರಚಾರಕ್ಕೆ ಬಂದಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಅವರ ವರದಿಗಳು. ಯಾವ ದಡದಲ್ಲಿ ಯಾವ ತಿಂಗಳಲ್ಲಿ ಯಾವ ಜಾತಿಯ ಎಷ್ಟು ಜಾಡುಗಳು ಕಂಡುವೆಂಬ ಒಣ ಲೆಕ್ಕಗಳವು. ಗ್ರೇಟ್ ನಿಕೋಬಾರಿನಲ್ಲಿ ಲೆದರ್‌ಬ್ಯಾಕ್ ಆಮೆಗಳು ನೆಲೆಯಾಗಿ ಮೊಟ್ಟೆಯಿಡುತ್ತವೆಂಬುದು ಆ ಲೆಕ್ಕಗಳಿಂದಲೇ ಪ್ರಕಟವಾಯಿತು. ಅಲ್ಲಿಯ ಗಲಾಥಿಯಾ ಕೊಲ್ಲಿ ೧೯೯೭ರಲ್ಲಿ ಅಭಯಾರಣ್ಯವಾಯಿತು; ೨೦೨೧ರಲ್ಲಿ ಆ ಘೋಷಣೆ ರದ್ದಾಗಿ, ೨೦೨೨ರಲ್ಲಿ ಅಲ್ಲಿ ಬಂದರು ಕಟ್ಟುವ ಯೋಜನೆಗೆ ಪರಿಸರದ ಅನುಮತಿ ದೊರೆಯಿತು. ಆ ದಡದ ವಿಷಯದಲ್ಲಿ ಇಂದು ವಾದಿಸುವವರು ಯಾವ ಪಕ್ಷದವರಾದರೂ ಒಬ್ಬ ಪಾದಚಾರಿಯ ಟಿಪ್ಪಣಿಗಳಿಂದಲೇ ಮೊದಲುಮಾಡಬೇಕಾಗಿದೆ.

ಜೆ. ವಿಜಯಾ (೧೯೫೯-೧೯೮೭) ಅವರದು ಬೇರೆ ಬಗೆಯ ಸಾಧನೆ. ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗಲೇ ಹಾವಿನ ಉದ್ಯಾನದಲ್ಲಿ ಸ್ವಯಂಸೇವಕಿಯಾಗಿ ಸೇರಿದ ಇವರು ನಮ್ಮ ದೇಶದ ಸರೀಸೃಪಶಾಸ್ತ್ರಜ್ಞೆಯರಲ್ಲಿ ಮೊದಲಿಗರು. ೧೯೮೦ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ದಿಘಾ ತೀರಕ್ಕೆ ಹೋಗಿ, ಮಾರಾಟಕ್ಕಾಗಿ ಅಂಗಾತ ಮಲಗಿಸಿದ್ದ ರಿಡ್ಲಿ ಆಮೆಗಳ ರಾಶಿಗಳ ಛಾಯಾಚಿತ್ರಗಳನ್ನು ತೆಗೆದರು. ಆ ಚಿತ್ರಗಳು ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಗಮನ ಅತ್ತ ಹರಿದು, ಕರಾವಳಿ ಕಾವಲುಪಡೆಗೆ ಆಮೆಗಳ ರಕ್ಷಣೆಯ ಹೊಣೆ ಬಿದ್ದಿತು. ಶಾಸನ ಹುಟ್ಟಿ ಹತ್ತು ವರ್ಷಗಳಾಗಿದ್ದರೂ ಆಗದಿದ್ದ ಕೆಲಸ ಕೆಲವು ಚಿತ್ರಗಳಿಂದ ಆಯಿತು. ಇಪ್ಪತ್ತೆಂಟರ ಹರೆಯದಲ್ಲೇ ವಿಜಯಾ ತೀರಿಕೊಂಡರು. ಪಶ್ಚಿಮಘಟ್ಟದ ಕಾಡಿನಲ್ಲಿ ಅವರು ಮತ್ತೆ ಹುಡುಕಿಕೊಟ್ಟ ಒಂದು ನೆಲದಾಮೆಯ ಕುಲಕ್ಕೆ ೨೦೦೬ರಲ್ಲಿ 'ವಿಜಯಾಕೆಲಿಸ್' ಎಂದು ಹೆಸರಿಡಲಾಯಿತು.

೪. ವಿದ್ಯಾರ್ಥಿಗಳ ಸಂಘ

ಮದರಾಸಿನ ದಡದ ಕೆಲಸ ೧೯೭೦ರ ದಶಕದ ಉತ್ತರಾರ್ಧದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಗೂ, ೧೯೮೨ರಿಂದ ತಮಿಳುನಾಡಿನ ಅರಣ್ಯ ಇಲಾಖೆಗೂ ಬಂದಿತು. ಖಾಸಗಿ ಉತ್ಸಾಹದಿಂದ ಹುಟ್ಟಿದ ಕೆಲಸವನ್ನು ಸರ್ಕಾರ ವಹಿಸಿಕೊಂಡಿತಲ್ಲಾ ಎಂದು ಆಗ ಹಲವರು ಸಮಾಧಾನಗೊಂಡಿರಬೇಕು. ಆದರೆ ೧೯೮೮ರ ಹೊತ್ತಿಗೆ ಇಲಾಖೆಯ ಹ್ಯಾಚರಿ ನಿಂತುಹೋಯಿತು. ಆ ವರ್ಷವೇ ನಗರದ ಕೆಲವು ಕಾಲೇಜು ವಿದ್ಯಾರ್ಥಿಗಳು ಕೂಡಿ 'ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ' ಎಂಬ ಸಂಘವನ್ನು ಸ್ಥಾಪಿಸಿದರು. ನೀಲಾಂಕರೈಯಿಂದ ಬೆಸೆಂಟ್ ನಗರದವರೆಗಿನ ಸುಮಾರು ಏಳು ಕಿಲೋಮೀಟರುಗಳ ದಡ ಅವರ ಕ್ಷೇತ್ರವಾಯಿತು.

ಈ ಸಂಘದ ರಚನೆ ಚರಿತ್ರೆಯ ವಿದ್ಯಾರ್ಥಿಗಳು ಲಕ್ಷ್ಯಕೊಡಬೇಕಾದುದು. ಅದರಲ್ಲಿ ಸಂಬಳದ ನೌಕರರಿರಲಿಲ್ಲ. ಸದಸ್ಯರು ಹಗಲು ತರಗತಿಗೆ ಹೋಗಿ ಇರುಳು ದಡ ನಡೆಯುತ್ತಿದ್ದರು. ವಿದ್ಯಾರ್ಥಿ ಸಂಘಗಳಿಗೆ ಸಹಜವಾದ ದೋಷವೊಂದುಂಟು: ಮೂರು ನಾಲ್ಕು ವರ್ಷಗಳಲ್ಲಿ ಸದಸ್ಯರೆಲ್ಲ ಪದವಿ ಪಡೆದು ಚದುರಿಹೋಗುತ್ತಾರೆ, ಅವರೊಡನೆ ಅನುಭವವೂ ಹೋಗುತ್ತದೆ. ಈ ಸಂಘ ಮೂರು ದಶಕಗಳನ್ನು ದಾಟಿ ಬಾಳಿರುವುದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದು, ಕೆಲವರು ಉದ್ಯೋಗಸ್ಥರಾದ ಮೇಲೂ ಋತು ಬಂದಾಗ ದಡಕ್ಕೆ ಬಂದು ಹೊಸಬರನ್ನು ತಿದ್ದಿದರು. ಎರಡನೆಯದು, ಋತುವಿನ ವಾರಾಂತ್ಯಗಳಲ್ಲಿ ಸಾರ್ವಜನಿಕರನ್ನೂ ತಮ್ಮೊಡನೆ ನಡೆಯಲು ಕರೆದುದರಿಂದ ನಡಿಗೆಯೇ ಪಾಠಶಾಲೆಯಾಯಿತು. ಆಮೆ ಕಾಣದ ರಾತ್ರಿಗಳೇ ಹೆಚ್ಚು. ಆದರೂ ಬಂದವರು ಬೆಳಗಿನವರೆಗೆ ನಡೆದು ಹೋಗುತ್ತಿದ್ದರು. ಬೆಳೆಯುತ್ತಿದ್ದ ನಗರದ ದೀಪಗಳು ಮರಿಗಳನ್ನು ಕಡಲಿನ ಬದಲು ಬೀದಿಯ ಕಡೆಗೆ ಸೆಳೆಯುತ್ತವೆಂಬ ಸಂಗತಿಯನ್ನು ಊರಿನ ಜನ ಪುಸ್ತಕದಿಂದಲ್ಲ, ಇಂಥ ನಡಿಗೆಗಳಿಂದ ಕಲಿತರು.

೫. ಲೆಕ್ಕಗಳ ಬೆಲೆ

ಈ ಸಂಘಗಳು ಬಿಟ್ಟುಹೋಗಿರುವ ಮುಖ್ಯ ಆಧಾರವೆಂದರೆ ಲೆಕ್ಕಗಳು: ಒಂದು ಋತುವಿನಲ್ಲಿ ಎಷ್ಟು ಗುಂಡಿ, ಎಷ್ಟು ಮೊಟ್ಟೆ, ಎಷ್ಟು ಮರಿ. ಇವನ್ನು ಬಳಸುವಾಗ ಎಚ್ಚರ ಬೇಕು. ನಡೆದ ದಡದಲ್ಲಿ ಮಾತ್ರ ಗುಂಡಿ ಸಿಕ್ಕುತ್ತದೆ; ನಡೆಯದ ರಾತ್ರಿಯ ಗುಂಡಿ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ಒಂದು ವರ್ಷದ ಸಂಖ್ಯೆ ಹಿಂದಿನ ವರ್ಷದ್ದಕ್ಕಿಂತ ಹೆಚ್ಚಿದ್ದರೆ ಆಮೆಗಳು ಹೆಚ್ಚಿದುವೆಂದು ಕೂಡಲೆ ಹೇಳಲಾಗದು, ನಡೆದವರು ಹೆಚ್ಚಿರಬಹುದು. ಗ್ರಾಮಲೆಕ್ಕಗಳಲ್ಲಿ ಕಂದಾಯ ಏರಿದುದನ್ನು ಕಂಡು ಬೆಳೆ ಹೆಚ್ಚಿತೆಂದು ತೀರ್ಮಾನಿಸಬಾರದೆಂಬುದನ್ನು ನಾವು ಬಲ್ಲೆವಷ್ಟೆ. ಅಲ್ಲಿ ಅಮಲ್ದಾರನ ಬಿಗಿ ಹೇಗೋ ಇಲ್ಲಿ ಸ್ವಯಂಸೇವಕರ ಕಾಲಿನ ಬಲ ಹಾಗೆ.

ಇನ್ನೂ ಗಹನವಾದ ಪ್ರಶ್ನೆಯೊಂದು ಕ್ರಮೇಣ ಎದ್ದಿತು. ಸಾವಿರ ಮರಿಗಳಲ್ಲಿ ಒಂದೋ ಏನೋ ಪ್ರಾಯಕ್ಕೆ ಬರುತ್ತದೆಂಬುದು ಸಾಮಾನ್ಯವಾದ ಅಂದಾಜು. ಹಾಗಿರುವಲ್ಲಿ ಬೆಳೆದ ಒಂದು ಹೆಣ್ಣಾಮೆ ಬಲೆಯಲ್ಲಿ ಸಿಕ್ಕಿ ಸತ್ತರೆ, ಆ ನಷ್ಟವನ್ನು ಎಷ್ಟು ಗುಂಡಿಗಳ ಮೊಟ್ಟೆ ಕಾದು ತುಂಬಿಕೊಡಬಹುದು? ಅಲ್ಲದೆ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖ ನಿರ್ಧರಿಸುತ್ತದೆ. ಬಿಸಿ ಹೆಚ್ಚಿದರೆ ಹೆಣ್ಣು, ತಂಪಾದರೆ ಗಂಡು. ನೆರಳಿನ ಚಪ್ಪರ ಹಾಕಿದರೂ ಹಾಕದಿದ್ದರೂ ಮನುಷ್ಯನ ಕೈ ಪ್ರಕೃತಿಯ ಲೆಕ್ಕದಲ್ಲಿ ಬೆರೆಯುತ್ತದೆ. ಈ ಪ್ರಶ್ನೆಗಳನ್ನು ಹೊರಗಿನವರು ಎತ್ತಿದುದಕ್ಕಿಂತ ಹೆಚ್ಚಾಗಿ ಈ ಪರಂಪರೆಯವರೇ ಎತ್ತಿಕೊಂಡರೆಂಬುದು ಅವರ ಹಿರಿಮೆ. ಸಂಘದ ಸ್ಥಾಪಕರಲ್ಲಿ ಒಬ್ಬರಾಗಿದ್ದು, ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಕಾರ್ತಿಕ್ ಶಂಕರ್ ಅವರು ೨೦೧೫ರಲ್ಲಿ ಪ್ರಕಟಿಸಿದ 'ಫ್ರಂ ಸೂಪ್ ಟು ಸೂಪರ್‌ಸ್ಟಾರ್' ಎಂಬ ಗ್ರಂಥ ಭಾರತದ ಕಡಲಾಮೆ ಸಂರಕ್ಷಣೆಯ ಚರಿತ್ರೆಯನ್ನು ಒಳಗಿನಿಂದ ವಿಮರ್ಶಿಸಿ ಬರೆದುದಾಗಿದೆ.

೬. ಆಮೆಯೋ ಮೀನುಗಾರನೋ

೧೯೯೦ರ ದಶಕದಲ್ಲಿ ಒರಿಸ್ಸದ ತೀರದಲ್ಲಿ ಟ್ರಾಲ್ ಬಲೆಗಳಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತ ರಿಡ್ಲಿ ಆಮೆಗಳು ಸಹಸ್ರ ಸಂಖ್ಯೆಯಲ್ಲಿ ದಡಕ್ಕೆ ಬಿದ್ದುವು. ಆ ದಶಕದ ಕೊನೆಯಲ್ಲಿ ಒಂದೊಂದು ಋತುವಿಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಕಳೇಬರಗಳನ್ನು ಎಣಿಸಲಾಯಿತು. ೧೯೯೭ರಲ್ಲಿ ಗಹಿರ್ಮಾಥಾದ ಕಡಲು ಅಭಯಾರಣ್ಯವೆಂದು ಘೋಷಿತವಾಯಿತು. ತಿಂಗಳುಗಟ್ಟಲೆ ಮೀನುಗಾರಿಕೆಯ ನಿಷೇಧ ಬಂದಿತು. ಆಗ ಪೆಟ್ಟು ಬಿದ್ದುದು ಟ್ರಾಲ್ ದೋಣಿಗಳ ಒಡೆಯರಿಗೆ ಮಾತ್ರವಲ್ಲ; ಆಮೆಗೆ ಅಷ್ಟಾಗಿ ಹಾನಿ ಮಾಡದ ಸಣ್ಣ ದೋಣಿಯ ಬೆಸ್ತರೂ ದಡದಲ್ಲಿ ಕೂರಬೇಕಾಯಿತು. ಕಡಲಾಮೆಯನ್ನು ಕೂರ್ಮಾವತಾರವೆಂದು ಕೈಮುಗಿಯುತ್ತಿದ್ದ ಜನಕ್ಕೆ ಆಮೆಯ ಹೆಸರೇ ಉಪವಾಸದ ಹೆಸರಾಗುವ ಸ್ಥಿತಿ ಒದಗಿತು.

ಈ ಸಂದರ್ಭದಲ್ಲಿ ಸಂರಕ್ಷಣೆಯ ಕೆಲಸಗಾರರ ಸ್ವರೂಪವೇ ಬದಲಾಯಿತೆಂದು ನಾವು ಭಾವಿಸುತ್ತೇವೆ. ಅದುವರೆಗೆ ಬೇಕಾಗಿದ್ದವರು ಜಾಡು ಹಿಡಿದು ನಡೆಯಬಲ್ಲವರು. ಇನ್ನು ಮೇಲೆ ಬೇಕಾದವರು ಬೆಸ್ತರ ಸಭೆಯಲ್ಲಿ ಕುಳಿತು ಬೈಗಳನ್ನು ಕೇಳಬಲ್ಲವರು. ೨೦೦೪ರಲ್ಲಿ ಒರಿಸ್ಸದಲ್ಲಿ ಮೀನುಗಾರರ ಸಂಘಗಳೂ ಸಂರಕ್ಷಣಾ ಸಂಸ್ಥೆಗಳೂ ಸೇರಿ ಒಂದು ಒಕ್ಕೂಟವನ್ನು ರಚಿಸಿಕೊಂಡುದು ಈ ಬದಲಾವಣೆಯ ಸ್ಪಷ್ಟವಾದ ಕುರುಹು. ಋಷಿಕುಲ್ಯಾ ನದೀಮುಖದಲ್ಲಿ ಊರಿನ ತರುಣರೇ ಸಮಿತಿ ಮಾಡಿಕೊಂಡು ಗುಂಡಿಗಳನ್ನು ಕಾಯತೊಡಗಿದುದು ಮತ್ತೊಂದು. ಬೆಂಗಳೂರಿನಲ್ಲಿ ೨೦೦೮ರಲ್ಲಿ ಸ್ಥಾಪಿತವಾದ ದಕ್ಷಿಣ್ ಪ್ರತಿಷ್ಠಾನ ಆಮೆಯ ಅಧ್ಯಯನವನ್ನೂ ಮೀನುಗಾರರ ಹಕ್ಕಿನ ಪ್ರಶ್ನೆಯನ್ನೂ ಒಂದೇ ಸೂರಿನಡಿಯಲ್ಲಿ ತಂದುದೂ ಇದೇ ಧೋರಣೆಯಿಂದ. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ಕಡಲಿನ ಸಂಸ್ಥೆಯೊಂದು ನೆಲೆಸಿರುವುದು ವಿಚಿತ್ರವೆನಿಸಿದರೂ, ಅದರ ಕೆಲಸ ನಡೆಯುವುದು ದಡದಲ್ಲಿಯೇ. ಲಿಟ್ಲ್ ಅಂಡಮಾನಿನಲ್ಲಿ ಲೆದರ್‌ಬ್ಯಾಕ್ ಆಮೆಗಳ ಬೆನ್ನಿಗೆ ಉಪಗ್ರಹ ಯಂತ್ರ ಕಟ್ಟಿ ಬಿಟ್ಟಾಗ ಕೆಲವು ಆಸ್ಟ್ರೇಲಿಯದ ಕಡೆಗೂ ಕೆಲವು ಆಫ್ರಿಕದ ಕಡೆಗೂ ಈಜಿದುವೆಂಬುದು ತಿಳಿದುಬಂದಿತು. ಆ ದಡದ ಶಿಬಿರಗಳಲ್ಲಿ ವರ್ಷವರ್ಷವೂ ಕೆಲಸಮಾಡುವವರಲ್ಲಿ ಕರೆನ್ ಜನರಿದ್ದಾರೆ. ೧೯೨೫ರಲ್ಲಿ ಬರ್ಮದಿಂದ ಬಂದು ಮಧ್ಯ ಅಂಡಮಾನಿನಲ್ಲಿ ನೆಲೆಸಿದವರ ಸಂತತಿಯವರಾದ ಇವರಿಗೆ ಕಾಡು ಕಡಲುಗಳೆರಡೂ ಮನೆಯಂಗಳ. ದೋಣಿ ನಡೆಸುವವರು, ಗುಡಿಸಲು ಕಟ್ಟುವವರು, ಜಾಡು ಓದುವವರು ಇವರೇ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಈ ಪರಂಪರೆಯಲ್ಲಿ ಮೂರು ವರ್ಗದ ಜನರನ್ನು ಗುರುತಿಸಬಹುದು. ಒಬ್ಬೊಬ್ಬರೇ ನಡೆದು ಬರೆದಿಟ್ಟವರು ಮೊದಲನೆಯ ವರ್ಗ. ಗುಂಪಾಗಿ ನಡೆದು, ಒಂದಷ್ಟು ವರ್ಷಗಳ ತರುವಾಯ ಬೇರೆ ಬದುಕಿಗೆ ತೆರಳಿದ ವಿದ್ಯಾರ್ಥಿಗಳು ಎರಡನೆಯ ವರ್ಗ. ಇವರಿಬ್ಬರಿಗೂ ವಿದ್ಯೆ ಕಲಿಸಿ, ದಾರಿ ತೋರಿಸಿ, ದೋಣಿ ನಡೆಸಿದ ಇರುಳರು, ಬೆಸ್ತರು, ಕರೆನ್ನರು ಮೂರನೆಯ ವರ್ಗ. ಮುದ್ರಿತ ವರದಿಗಳಲ್ಲಿ ಮೊದಲನೆಯವರ ಹೆಸರು ಶೀರ್ಷಿಕೆಯ ಕೆಳಗೆ, ಎರಡನೆಯವರದು ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಮೂರನೆಯವರು ಅನೇಕ ವೇಳೆ 'ಸ್ಥಳೀಯರು' ಎಂಬ ಒಂದೇ ಪದದಲ್ಲಿ ಅಡಗಿಹೋಗುತ್ತಾರೆ. ಶಾಸನದಲ್ಲಿ ದಾನಿಯ ವಂಶಾವಳಿ ಇದ್ದು ಕೆರೆಯನ್ನು ಅಗೆದವರ ಹೆಸರಿಲ್ಲದಿರುವಂತೆಯೇ ಇದು. ವ್ಯತ್ಯಾಸವೊಂದಿದೆ: ಕೆರೆ ಅಗೆದವರನ್ನು ನಾವು ಕೇಳಲಾರೆವು, ಇವರಲ್ಲಿ ಅನೇಕರು ಇನ್ನೂ ಬದುಕಿದ್ದಾರೆ.

ನಮ್ಮ ಕರಾವಳಿಗೂ ಈ ಮಾತು ಅನ್ವಯಿಸುತ್ತದೆ. ಕುಂದಾಪುರದ ಆಸುಪಾಸಿನಲ್ಲಿಯೂ ಕಾರವಾರ ಹೊನ್ನಾವರಗಳ ದಡಗಳಲ್ಲಿಯೂ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಗುಂಡಿಯನ್ನು ತೋರಿಸಿಕೊಟ್ಟು ಕಾಯುವವರು ಅಲ್ಲಿಯ ಮೀನುಗಾರರೇ. ಉಳ್ಳಾಲದಿಂದ ಮಾಜಾಳಿಯವರೆಗಿನ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ತಮ್ಮ ಊರಿನ ಹಿರಿಯ ಮೀನುಗಾರರ ಮಾತನ್ನು, ಆಡಿದವರ ಹೆಸರು ಮತ್ತು ಕಾಲ ಸಹಿತ, ಅವರ ಒಪ್ಪಿಗೆಯಿಂದ ಬರೆದಿಟ್ಟರೆ ಈ ಚರಿತ್ರೆಯ ಮೂರನೆಯ ಅಧ್ಯಾಯಕ್ಕೆ ಆಧಾರ ದೊರೆಯುತ್ತದೆ. ೨೦೨೫ರ ಜನವರಿಯಲ್ಲಿ ಚೆನ್ನೈಯೆಂದು ಹೆಸರಾದ ಅದೇ ಮದರಾಸಿನ ದಡದಲ್ಲಿ ನೂರಾರು ರಿಡ್ಲಿ ಆಮೆಗಳು ಸತ್ತು ಬಿದ್ದುವು. ಐವತ್ತು ವರ್ಷಗಳ ನಡಿಗೆ ಮೊಟ್ಟೆಯನ್ನು ಉಳಿಸುವುದನ್ನು ಕಲಿಸಿತು. ಬೆಳೆದ ಆಮೆಯನ್ನು ಉಳಿಸುವ ಕೆಲಸ ಬಲೆ ಹಿಡಿದವನ ಸಮ್ಮತಿಯಿಲ್ಲದೆ ಸಾಗದೆಂಬುದನ್ನೂ ಕಲಿಸಿತು. ಈ ಎರಡನೆಯ ಪಾಠ ಇನ್ನೂ ಪೂರ್ತಿಯಾಗಿ ಆಚರಣೆಗೆ ಬಂದಿಲ್ಲ.